ಮನೆಯೊಳಗಿನ ಸುನ್ನತ್: ದಂಪತಿಗಳ ಮೂರು ಪಾಲು

ದಾಂಪತ್ಯದ ಕುರಿತು ನಮ್ಮಲ್ಲಿ ಚರ್ಚೆ ಆರಂಭವಾದರೆ ಅದು ಹೆಚ್ಚಾಗಿ ನಿಕಾಹ್, ಮಹ್ರ್, ತಲಾಕ್ ಎಂಬ ಮೂರು ಮಾತುಗಳಲ್ಲಿಯೇ ಮುಗಿದುಹೋಗುತ್ತದೆ. ಇವು ಮಹತ್ವದ ವಿಷಯಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ನಿಕಾಹ್ ಎಂಬುದು ಒಂದು ದಿನದ ಕಾರ್ಯ. ತಲಾಕ್ ಹೆಚ್ಚಿನ ಮನೆಗಳ ಹೊಸ್ತಿಲನ್ನು ಎಂದೂ ತುಳಿಯುವುದಿಲ್ಲ. ನಿಕಾಹ್‌ನ ಮರುದಿನದಿಂದ ಮೂವತ್ತು ನಲವತ್ತು ವರ್ಷಗಳ ಕಾಲ ಸಾಗುವ ಸಾಮಾನ್ಯ ದಿನಗಳಿವೆಯಲ್ಲ, ಅವುಗಳಿಗೆ ನಮ್ಮ ದೀನಿನಲ್ಲಿ ಏನು ಪಾಠವಿದೆ? ಬೆಳಗಿನ ಒಲೆ, ಮಧ್ಯಾಹ್ನದ ದುಡಿಮೆ, ಸಂಜೆಯ ಬಿಡುವು, ತಿಂಗಳ ಕೊನೆಯ ಸಾಲ - ಇವುಗಳಲ್ಲಿ ಗಂಡನ ಪಾಲೆಷ್ಟು, ಹೆಂಡತಿಯ ಪಾಲೆಷ್ಟು? ಈ ಪಾಠದಲ್ಲಿ ನಾವು ಅದನ್ನೇ ಪರಿಶೀಲಿಸೋಣ.

ಪವಿತ್ರ ಕುರ್‌ಆನ್‌ನ ಅರ್ರೂಮ್ ಅಧ್ಯಾಯದ 21ನೇ ವಚನವನ್ನು ನಿಕಾಹ್‌ನ ಆಮಂತ್ರಣ ಪತ್ರಿಕೆಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅಲ್ಲಾಹನು ಮನುಷ್ಯರಿಗೆ ಅವರದೇ ವರ್ಗದಿಂದ ಜೋಡಿಗಳನ್ನು ಉಂಟುಮಾಡಿದ್ದು ಅವರು ಪರಸ್ಪರರ ಬಳಿ ನೆಮ್ಮದಿ ಪಡೆಯಲೆಂದು. ಅವರ ನಡುವೆ ಪ್ರೀತಿಯನ್ನೂ ಕರುಣೆಯನ್ನೂ ಇರಿಸಿದ್ದು ಅವನ ನಿದರ್ಶನಗಳಲ್ಲೊಂದು ಎಂಬುದು ಅದರ ಆಶಯ. ಆದರೆ ಆ ವಚನದ ನೆರೆಹೊರೆಯನ್ನು ಗಮನಿಸಿದವರು ಕಡಿಮೆ. ಅದರ ಮುಂದಿನ ವಚನಗಳಲ್ಲಿ ಭೂಮಿ ಆಕಾಶಗಳ ಸೃಷ್ಟಿ, ಭಾಷೆ ಹಾಗೂ ಬಣ್ಣಗಳ ವೈವಿಧ್ಯ, ನಿದ್ರೆ ಮತ್ತು ಜೀವನೋಪಾಯದ ಹುಡುಕಾಟ, ಮಿಂಚು ಹಾಗೂ ಸತ್ತ ನೆಲಕ್ಕೆ ಜೀವ ಕೊಡುವ ಮಳೆ ಇವುಗಳ ಪ್ರಸ್ತಾಪವಿದೆ. ಅಂದರೆ ಗಂಡಹೆಂಡಿರ ನೆಮ್ಮದಿಯನ್ನು ಅಲ್ಲಾಹನು ಮಳೆಯ ಜೊತೆಗೆ, ನಿದ್ರೆಯ ಜೊತೆಗೆ, ದುಡಿಮೆಯ ಜೊತೆಗೆ ಇರಿಸಿ ಹೇಳಿದ್ದಾನೆ. ಇದು ಹಬ್ಬದ ದಿನಕ್ಕೆ ಮೀಸಲಾದ ಸಂಗತಿಯಲ್ಲ, ನಿತ್ಯದ ಅಗತ್ಯ. ಮಳೆ ತಪ್ಪಿದರೆ ನೆಲ ಒಣಗುವಂತೆ ಈ ನೆಮ್ಮದಿ ತಪ್ಪಿದರೆ ಮನೆ ಒಣಗುತ್ತದೆ.

ಒಂದು ಸಾಮಾನ್ಯ ದಿನ

ಮಳೆ ತಪ್ಪುವುದೆಂದರೇನೆಂದು ನಮ್ಮ ಕಡೂರು, ಅಜ್ಜಂಪುರದ ಬಯಲಿನವರಿಗೆ ವಿವರಿಸಬೇಕಾಗಿಲ್ಲ. ಚಿಕ್ಕಮಗಳೂರು ಎಂದೊಡನೆ ಹೊರಗಿನವರು ಕಾಫಿ ತೋಟವನ್ನೂ ಮಂಜು ಮುಸುಕಿದ ಗಿರಿಯನ್ನೂ ನೆನೆಯುತ್ತಾರೆ. ಆದರೆ ಚೌಳಹಿರಿಯೂರು ಅದೇ ಜಿಲ್ಲೆಯ ಬಯಲುಸೀಮೆ. ಇಲ್ಲಿಯದು ತೆಂಗು, ರಾಗಿ, ಈರುಳ್ಳಿಯ ಬದುಕು. ಮಳೆ ಬಂದರೆ ಬೆಳೆ, ಬಾರದಿದ್ದರೆ ಬೋರ್‌ವೆಲ್ಲು, ಅದೂ ಬತ್ತಿದರೆ ಬೆಂಗಳೂರಿನ ಕಡೆಗೆ ಹೊರಡುವ ಬಸ್ಸು ಅಥವಾ ಬೀರೂರಿನ ರೈಲು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರಕಾರ ಬರಪೀಡಿತವೆಂದು ಘೋಷಿಸಿದಾಗ ಇಂತಹ ಬಯಲಿನ ಮನೆಗಳಲ್ಲಿ ಏನಾಯಿತೆಂಬುದನ್ನು ಪತ್ರಿಕೆ ಓದಿ ತಿಳಿಯಬೇಕಾಗಿರಲಿಲ್ಲ, ಅಡುಗೆಮನೆಯ ಡಬ್ಬ ತೆರೆದರೆ ಸಾಕಿತ್ತು.

ಇಂತಹ ಒಂದು ಮನೆಯ ದಿನವನ್ನು ಕಲ್ಪಿಸಿಕೊಳ್ಳಿ. ಫಜ್ರ್‌ನ ಬಾಂಗಿಗೆ ಮೊದಲೇ ಹೆಂಡತಿ ಎದ್ದು ನೀರು ತುಂಬುತ್ತಾಳೆ. ರೊಟ್ಟಿ ತಟ್ಟಿ, ಮಕ್ಕಳನ್ನು ಮದ್ರಸಕ್ಕೂ ಶಾಲೆಗೂ ಕಳಿಸುತ್ತಾಳೆ. ಸುಗ್ಗಿಯ ದಿನಗಳಾದರೆ ಈರುಳ್ಳಿ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಉಳಿದ ದಿನಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ಗಂಡನೂ ಸುಮ್ಮನಿಲ್ಲ. ತೆಂಗಿನಕಾಯಿ ಸುಲಿಯುವುದೋ, ಸಂತೆಯಿಂದ ಸಂತೆಗೆ ಸರಕು ಹೊರುವುದೋ, ಗ್ಯಾರೇಜಿನ ಕೆಲಸವೋ, ಅಂತೂ ಅವನ ಬೆನ್ನು ಮುರಿಯುತ್ತದೆ. ಸಂಜೆ ಇಬ್ಬರೂ ಮನೆಗೆ ಬರುತ್ತಾರೆ. ಆಗ ಗಂಡ ಕೈಕಾಲು ತೊಳೆದು ಚಹಾದಂಗಡಿಯ ಬೆಂಚಿಗೆ ಹೋಗುತ್ತಾನೆ. ಮರಳಿ ಬಂದರೆ ಕೈಯಲ್ಲಿ ಮೊಬೈಲು. ಹೆಂಡತಿ ಮತ್ತೆ ಒಲೆಯ ಮುಂದೆ. ಪಾತ್ರೆ ತೊಳೆದು ಮಕ್ಕಳನ್ನು ಮಲಗಿಸಿ ಆಕೆ ಗೋಡೆಗೆ ಒರಗುವ ಹೊತ್ತಿಗೆ ಗಂಡನಿಗೆ ನಿದ್ರೆ ಬಂದಿರುತ್ತದೆ.

ಈ ಮನೆಯಲ್ಲಿ ಜಗಳವಿಲ್ಲ, ಹೊಡೆತವಿಲ್ಲ, ಕುಡಿತವಿಲ್ಲ. ಐದು ಹೊತ್ತಿನ ನಮಾಝ್ ಕೂಡಾ ಇದೆ. ಊರವರು ಇದನ್ನು ಒಳ್ಳೆಯ ಸಂಸಾರವೆಂದೇ ಹೇಳುತ್ತಾರೆ. ಆದರೂ ಇಲ್ಲಿ ಒಂದು ಕೊರತೆಯಿದೆ. ದುಡಿಮೆ ಇಬ್ಬರಿಗೂ ಇದೆ. ವಿರಾಮ ಒಬ್ಬರಿಗೆ ಮಾತ್ರ ಇದೆ, ಅದೂ ಮನೆಯ ಹೊರಗೆ. ಕಷ್ಟ ಇಬ್ಬರಿಗೂ ಇದೆ. ಆದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿದಿಲ್ಲ. ದುಡಿಮೆ, ವಿರಾಮ, ಕಷ್ಟ ಈ ಮೂರನ್ನೂ ಹಂಚಿಕೊಳ್ಳುವುದು ಕೇವಲ ಒಳ್ಳೆಯತನದ ಮಾತಲ್ಲ. ಅದು ಪ್ರವಾದಿವರ್ಯರ(ಸ) ಮನೆಯೊಳಗಿನ ಸುನ್ನತ್. ಗಡ್ಡ, ಮಿಸ್ವಾಕ್‌ಗಳ ಸುನ್ನತನ್ನು ಮಸೀದಿಯಲ್ಲಿ ಹತ್ತು ಮಂದಿ ನೋಡುತ್ತಾರೆ. ಈ ಸುನ್ನತನ್ನು ನೋಡುವವರು ಇಬ್ಬರೇ: ಅಲ್ಲಾಹ್ ಮತ್ತು ಮನೆಯಾಕೆ.

ದುಡಿಮೆಯ ಪಾಲು

ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಏನು ಮಾಡುತ್ತಿದ್ದರೆಂದು ಅಸ್ವದ್ ಎಂಬವರು ಹ. ಆಯಿಶಾರೊಡನೆ(ರ) ವಿಚಾರಿಸಿದರು. ಅವರು ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಸಮಯವಾದಾಗ ಎದ್ದು ಹೋಗುತ್ತಿದ್ದರು ಎಂದು ಆಯಿಶಾ(ರ) ಉತ್ತರಿಸಿದರು. ಇದು ಬುಖಾರಿಯಲ್ಲಿದೆ. ಬೇರೆ ವರದಿಗಳಲ್ಲಿ ಆ ಕೆಲಸಗಳ ವಿವರವೂ ಇದೆ. ಅವರು ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡುತ್ತಿದ್ದರು, ಬಟ್ಟೆಗೆ ಹೊಲಿಗೆ ಹಾಕುತ್ತಿದ್ದರು, ಆಡಿನ ಹಾಲು ಕರೆಯುತ್ತಿದ್ದರು. ಮದೀನದ ಆಡಳಿತ, ಯುದ್ಧ, ಸಂಧಿ, ದೂರದೂರದಿಂದ ಬರುವ ನಿಯೋಗಗಳು ಇವೆಲ್ಲದರ ನಡುವೆ ಅವರಿಗೆ ಇದಕ್ಕೂ ಸಮಯವಿತ್ತು. ನಮಗೆ ಇಲ್ಲದ ಬಿಡುವು ಅವರಿಗೆ ಎಲ್ಲಿಂದ ಬಂತು?

ಹ. ಅಬೂಬಕರರ(ರ) ಮಗಳು ಅಸ್ಮಾ(ರ) ತಮ್ಮ ಸಂಸಾರದ ಆರಂಭದ ದಿನಗಳನ್ನು ತಾವೇ ವಿವರಿಸಿದ್ದಾರೆ. ಝುಬೈರ್(ರ) ಅವರನ್ನು ವಿವಾಹವಾದಾಗ ಅವರ ಬಳಿ ನೀರು ಸೇದುವ ಒಂದು ಒಂಟೆ ಮತ್ತು ಒಂದು ಕುದುರೆಯ ಹೊರತು ಬೇರೇನೂ ಇರಲಿಲ್ಲ. ಅಸ್ಮಾ(ರ) ಕುದುರೆಗೆ ಮೇವು ಹಾಕುತ್ತಿದ್ದರು, ನೀರು ತರುತ್ತಿದ್ದರು, ತೊಗಲಿನ ಬಾನಿಗೆ ಹೊಲಿಗೆ ಹಾಕುತ್ತಿದ್ದರು, ಹಿಟ್ಟು ನಾದುತ್ತಿದ್ದರು. ರೊಟ್ಟಿ ಸುಡುವುದು ಮಾತ್ರ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ನೆರೆಮನೆಯ ಅನ್ಸಾರಿ ಸ್ತ್ರೀಯರು ಬಂದು ಸುಟ್ಟು ಕೊಡುತ್ತಿದ್ದರು. ಸುಮಾರು ಮೂರೂವರೆ ಕಿಲೋಮೀಟರ್ ದೂರದ ಜಮೀನಿನಿಂದ ಖರ್ಜೂರದ ಬೀಜಗಳ ಹೊರೆಯನ್ನು ಅವರು ತಲೆಯ ಮೇಲೆ ಹೊತ್ತು ತರಬೇಕಿತ್ತು. ಒಂದು ದಿನ ದಾರಿಯಲ್ಲಿ ಎದುರಾದ ಪ್ರವಾದಿವರ್ಯರು(ಸ) ತಮ್ಮ ಒಂಟೆಯನ್ನು ಕೂರಿಸಿ ಹತ್ತಿಕೊಳ್ಳುವಂತೆ ಸೂಚಿಸಿದರು. ಜೊತೆಯಲ್ಲಿ ಇತರ ಪುರುಷರಿದ್ದುದರಿಂದ ಅಸ್ಮಾ(ರ) ಸಂಕೋಚಪಟ್ಟರು. ಪತಿಯ ಸ್ವಾಭಿಮಾನದ ಸ್ವಭಾವವೂ ಅವರಿಗೆ ನೆನಪಾಯಿತು. ಮನೆಗೆ ಬಂದು ನಡೆದುದನ್ನು ಪತಿಗೆ ತಿಳಿಸಿದರು. ಆಗ ಝುಬೈರ್(ರ) ಏನೆಂದರು? ನೀನು ಅವರೊಡನೆ ಸವಾರಿ ಮಾಡುವುದಕ್ಕಿಂತ ಆ ಹೊರೆಯನ್ನು ತಲೆಯ ಮೇಲೆ ಹೊರುವುದೇ ನನಗೆ ಹೆಚ್ಚು ನೋವಿನ ಸಂಗತಿ ಎಂದರು. ಮುಂದೆ ಅಬೂಬಕರ್(ರ) ಕುದುರೆಯ ಆರೈಕೆಗೆ ಒಬ್ಬ ಆಳನ್ನು ಕಳಿಸಿಕೊಟ್ಟಾಗ ತನಗೆ ಬಿಡುಗಡೆಯೇ ಸಿಕ್ಕಂತಾಯಿತೆಂದು ಅಸ್ಮಾ(ರ) ಹೇಳಿಕೊಂಡರು.

ಈ ವೃತ್ತಾಂತದಲ್ಲಿ ನಮಗೆ ಮೂರು ಪಾಠಗಳಿವೆ. ಒಂದು, ಸಹಾಬಿ ಸ್ತ್ರೀಯರು ಕಷ್ಟದ ದುಡಿಮೆಗೆ ಹಿಂಜರಿದವರಲ್ಲ. ಎರಡು, ಗಂಡನ ಸ್ವಾಭಿಮಾನವೆಂಬುದು ಹೆಂಡತಿಯನ್ನು ಕಾವಲು ಕಾಯುವುದರಲ್ಲಿ ಮುಗಿಯುವುದಿಲ್ಲ. ಆಕೆಯ ತಲೆಯ ಮೇಲಿನ ಹೊರೆ ಅವನ ಎದೆಗೆ ಭಾರವಾಗಬೇಕು. ಮೂರು, ತವರಿನವರು ಹಾಗೂ ನೆರೆಯವರು ಎಳೆಯ ಸಂಸಾರಕ್ಕೆ ಉಪದೇಶ ಕೊಡುವುದಕ್ಕಿಂತ ಒಂದು ಕೆಲಸದ ಭಾರವನ್ನು ಇಳಿಸಿಕೊಡುವುದು ಹೆಚ್ಚು ಪ್ರಯೋಜನಕಾರಿ. ಹೊಸ ಸೊಸೆಗೆ ರೊಟ್ಟಿ ಬರುವುದಿಲ್ಲವೆಂದು ಊರೆಲ್ಲಾ ಹೇಳಿಕೊಂಡು ಬರುವ ಅತ್ತೆ ನಾದಿನಿಯರು ಆ ಅನ್ಸಾರಿ ನೆರೆಯವರನ್ನು ನೆನೆದುಕೊಳ್ಳಬೇಕು.

ಹೆಂಗಸರ ಕೆಲಸಕ್ಕೆ ಕೈ ಹಾಕಿದರೆ ಮನೆಯಲ್ಲಿ ಗಂಡಸಿನ ಮರ್ಯಾದೆ ಉಳಿಯುತ್ತದೆಯೇ ಎಂದು ಕೆಲವರು ಕೇಳುವುದುಂಟು. ಮಾನವಕುಲಕ್ಕೆ ಮಾದರಿಯಾದವರ ಮರ್ಯಾದೆ ಚಪ್ಪಲಿ ಹೊಲಿದುದರಿಂದ ಕಡಿಮೆಯಾಗಲಿಲ್ಲ. ಹಾಗಿರುವಾಗ ಒಂದು ಕೊಡ ನೀರು ತಂದರೆ, ಈರುಳ್ಳಿ ಹೆಚ್ಚಿಕೊಟ್ಟರೆ, ಅಳುವ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದರೆ ನಮ್ಮ ಮರ್ಯಾದೆ ಹೋಗುವುದಾದರೆ ಅದು ಮೊದಲೇ ಎಷ್ಟು ತೆಳುವಾಗಿದ್ದಿರಬೇಕು!

ವಿರಾಮದ ಪಾಲು

ದುಡಿಮೆಯನ್ನು ಹಂಚಿಕೊಳ್ಳಬೇಕೆಂಬುದನ್ನು ಹೆಚ್ಚಿನವರು ಬಾಯಲ್ಲಾದರೂ ಒಪ್ಪುತ್ತಾರೆ. ವಿರಾಮದ ವಿಷಯಕ್ಕೆ ಬಂದಾಗ ಮಾತ್ರ ನಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ವಿನೋದವು ದೀನ್‌ದಾರರಿಗೆ ತಕ್ಕುದಲ್ಲ ಎಂಬುದು ಒಂದು. ವಿನೋದವೇನಿದ್ದರೂ ಗೆಳೆಯರೊಡನೆ, ಹೆಂಡತಿಯೊಡನೆ ಕೇವಲ ವ್ಯವಹಾರ ಎಂಬುದು ಇನ್ನೊಂದು. ಎರಡನ್ನೂ ಹದೀಸ್‌ಗಳು ಸ್ಪಷ್ಟವಾಗಿ ತಿದ್ದುತ್ತವೆ.

ಹಂಝಲಾ(ರ) ಎಂಬ ಸಹಾಬಿಗೆ ಒಂದು ಚಿಂತೆ ಹತ್ತಿತು. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿರುವಾಗ ಸ್ವರ್ಗ ನರಕಗಳು ಕಣ್ಣೆದುರಿಗೇ ಇದ್ದಂತೆ ಭಾಸವಾಗುತ್ತಿತ್ತು. ಮನೆಗೆ ಬಂದು ಹೆಂಡತಿ ಮಕ್ಕಳೊಡನೆ ಬೆರೆತಾಗ ಅದೆಲ್ಲ ಮರೆತುಹೋಗುತ್ತಿತ್ತು. ಇದು ಕಾಪಟ್ಯವೇ ಇರಬೇಕೆಂದು ಅವರು ಹೆದರಿದರು. ಪ್ರವಾದಿವರ್ಯರು(ಸ) ಅವರನ್ನು ಗದರಿಸಲಿಲ್ಲ. ಅದಕ್ಕೊಂದು ಗಳಿಗೆ, ಇದಕ್ಕೊಂದು ಗಳಿಗೆ ಎಂಬರ್ಥದ ಮಾತನ್ನು ಮೂರು ಬಾರಿ ಹೇಳಿ ಸಮಾಧಾನಪಡಿಸಿದರು. ಇದು ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಹಾಗಾದರೆ ಹೆಂಡತಿ ಮಕ್ಕಳೊಡನೆ ನಗುವ ಗಳಿಗೆಯು ಸತ್ಯವಿಶ್ವಾಸಕ್ಕೆ ಹೊರತಾದುದಲ್ಲ.

ಅಬುದ್ದರ್ದಾ(ರ) ಅವರ ಘಟನೆ ಇನ್ನೂ ಸ್ಪಷ್ಟವಾಗಿದೆ. ಅವರ ಧರ್ಮಸಹೋದರರಾಗಿದ್ದ ಸಲ್ಮಾನ್ ಫಾರ್ಸಿ(ರ) ಒಮ್ಮೆ ಅವರ ಮನೆಗೆ ಬಂದಾಗ ಮನೆಯಾಕೆ ಮಾಸಿದ ಉಡುಪಿನಲ್ಲಿರುವುದನ್ನು ಕಂಡು ಕಾರಣ ಕೇಳಿದರು. ನಿಮ್ಮ ಸಹೋದರನಿಗೆ ಈ ಲೋಕದ ಯಾವ ಗೊಡವೆಯೂ ಇಲ್ಲವೆಂದು ಆಕೆ ಹೇಳಿದರು. ಆ ಒಂದು ವಾಕ್ಯದಲ್ಲಿ ಎಷ್ಟು ದುಃಖವಿದೆ ನೋಡಿ. ಅಬುದ್ದರ್ದಾ(ರ) ಹಗಲೆಲ್ಲಾ ಉಪವಾಸ, ರಾತ್ರಿಯೆಲ್ಲಾ ನಮಾಝ್ ಎಂದು ಇದ್ದವರು. ಸಲ್ಮಾನ್(ರ) ಅಂದು ಅವರ ಉಪವಾಸ ಬಿಡಿಸಿ ತಮ್ಮೊಡನೆ ಉಣ್ಣಿಸಿದರು. ರಾತ್ರಿ ನಮಾಝ್‌ಗೆ ಏಳಹೊರಟಾಗ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ಕೂಡಿ ನಮಾಝ್ ಮಾಡಿದರು. ಬಳಿಕ, ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ದೇಹಕ್ಕೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬ ಹಕ್ಕುದಾರನಿಗೂ ಅವನ ಹಕ್ಕನ್ನು ಕೊಡಬೇಕೆಂದು ತಿಳಿಹೇಳಿದರು. ವಿಷಯ ಪ್ರವಾದಿವರ್ಯರ(ಸ) ಬಳಿಗೆ ಹೋದಾಗ ಸಲ್ಮಾನರು ಹೇಳಿದ್ದೇ ಸರಿಯೆಂದು ಅವರು ತೀರ್ಪಿತ್ತರು.

ಇಲ್ಲಿ ಹಕ್ಕು ಎಂಬ ಪದವನ್ನು ಗಮನಿಸಬೇಕು. ರಾತ್ರಿಯ ನಫಿಲ್ ನಮಾಝ್ ಕೂಡಾ ಹೆಂಡತಿಯ ಹಕ್ಕಿನ ಸಮಯವನ್ನು ನುಂಗುವಂತಿಲ್ಲವೆಂದಾದರೆ ಚಹಾದಂಗಡಿಯ ಹರಟೆಗೆ, ಮೊಬೈಲಿನ ಪರದೆಗೆ ಆ ಅಧಿಕಾರ ಎಲ್ಲಿಂದ ಬಂತು?

ಪ್ರವಾದಿವರ್ಯರ(ಸ) ಸ್ವಂತ ಮನೆಯ ಚಿತ್ರವನ್ನು ನೋಡಿ. ಒಂದು ಪ್ರಯಾಣದಲ್ಲಿ ಅವರು ಸಂಗಡಿಗರನ್ನು ಮುಂದೆ ಕಳಿಸಿ ಆಯಿಶಾರೊಡನೆ(ರ) ಓಟದ ಪಂದ್ಯ ಕಟ್ಟಿದರು. ಅಂದು ಆಯಿಶಾ(ರ) ಗೆದ್ದರು. ವರ್ಷಗಳು ಕಳೆದು ಅವರ ಮೈ ತುಂಬಿದ ಬಳಿಕ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದರು. ಈ ಸಲ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸಮವಾಯಿತು ಎಂಬರ್ಥದಲ್ಲಿ ನಗೆಯಾಡಿದರು. ಅಬೂದಾವೂದ್‌ನಲ್ಲಿ ಇದು ವರದಿಯಾಗಿದೆ. ಒಂದು ಈದ್‌ನ ದಿನ ಅಬಿಸೀನಿಯಾದವರು ಮಸೀದಿಯ ಆವರಣದಲ್ಲಿ ಈಟಿ ಗುರಾಣಿಗಳ ಆಟ ಪ್ರದರ್ಶಿಸುತ್ತಿದ್ದಾಗ ಆಯಿಶಾ(ರ) ಅವರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಆಕೆಗೆ ತಾನಾಗಿಯೇ ಸಾಕೆನಿಸುವ ತನಕ ನಿಂತು ತೋರಿಸಿದರು. ಇನ್ನೊಮ್ಮೆ ಆಯಿಶಾ(ರ) ಹನ್ನೊಂದು ಮಂದಿ ಹೆಂಗಸರು ಒಂದೆಡೆ ಕುಳಿತು ತಂತಮ್ಮ ಗಂಡಂದಿರ ಗುಣಾವಗುಣಗಳನ್ನು ಹೇಳಿಕೊಂಡ ದೀರ್ಘ ಕಥೆಯೊಂದನ್ನು ಅವರಿಗೆ ಹೇಳಿದರು. ಪ್ರವಾದಿವರ್ಯರು(ಸ) ಅದನ್ನು ನಡುವೆ ತಡೆಯದೆ ಕೇಳಿದರು. ಆ ಕಥೆಯ ಅತ್ಯಂತ ಒಳ್ಳೆಯ ಗಂಡ ಅಬೂಝರ್‌ಅ್ ತನ್ನ ಹೆಂಡತಿಗೆ ಇದ್ದಂತೆ ನಾನು ನಿನಗಿದ್ದೇನೆ ಎಂದು ಕೊನೆಯಲ್ಲಿ ಪ್ರೀತಿಯಿಂದ ಹೇಳಿದರು.

ಇವುಗಳಲ್ಲಿ ಹಣ ಖರ್ಚಾದದ್ದು ಎಲ್ಲಿ? ಓಟಕ್ಕೆ ದುಡ್ಡು ಬೇಕಿಲ್ಲ, ಕಥೆ ಕೇಳುವುದಕ್ಕೂ ಬೇಕಿಲ್ಲ. ಬಡವರಿಗೆ ವಿರಾಮವೆಂಬುದು ದೂರದ ಮಾತೆನ್ನುವವರು ಇದನ್ನು ಯೋಚಿಸಬೇಕು. ಹಳ್ಳಿಯ ಬದುಕಿಗೆ ಒಗ್ಗುವ ಹವ್ಯಾಸಗಳು ಬೇಕಾದಷ್ಟಿವೆ. ಅಸರ್‌ನ ಬಳಿಕ ಇಬ್ಬರೂ ಕೂಡಿ ತೆಂಗಿನ ಸಾಲಿನಲ್ಲಿ ಒಂದು ಸುತ್ತು ಹಾಕಿ ಬರಬಹುದು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ನಿಂಬೆ, ಒಂದು ಕರಿಬೇವು, ನಾಲ್ಕು ಬದನೆ ಸಸಿ ನೆಡಬಹುದು. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಪಕ್ಷಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂದು ಹದೀಸ್‌ಗಳು ತಿಳಿಸುತ್ತವೆ. ಹವ್ಯಾಸವೂ ಆಯಿತು, ಪುಣ್ಯವೂ ಆಯಿತು. ಹೆಂಡತಿಗೆ ಕಸೂತಿಯಲ್ಲಿ ಆಸಕ್ತಿಯಿದ್ದರೆ ಕಡೂರಿನಿಂದ ಬರುವಾಗ ಎರಡು ಉಂಡೆ ಬಣ್ಣದ ದಾರ ತಂದುಕೊಡುವುದು ದೊಡ್ಡ ವೆಚ್ಚವೇನಲ್ಲ. ಓದು ಬರುವವರು ಓದು ಬಾರದವರಿಗೆ ಓದಿ ಹೇಳಬಹುದು. ಗಂಡ ಪ್ರಾಥಮಿಕ ಶಾಲೆಯಲ್ಲಿಯೇ ಬಿಟ್ಟು, ಹೆಂಡತಿ ಹತ್ತನೆಯ ತರಗತಿ ಮುಗಿಸಿರುವ ಮನೆಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಅಲ್ಲಿ ಹೆಂಡತಿ ಓದಿ ಗಂಡ ಕೇಳಿದರೆ ಅದರಲ್ಲಿ ಅವಮಾನವೇನೂ ಇಲ್ಲ. ಕನ್ನಡ ಸಾಹಿತ್ಯವನ್ನು ಓದಿದವರಿಗೆ ಗೊತ್ತು, 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನು ನಾಡು ಇಂದಿಗೂ ಬಿಡದೆ ಓದುತ್ತಿರುವುದು ಅದರಲ್ಲಿ ಸಾಮಾನ್ಯ ಗಂಡಹೆಂಡಿರ ಸರಳ ಒಲವಿಗೆ ಮಾತು ಸಿಕ್ಕಿರುವುದರಿಂದಲೇ. ಜನರು ಇದಕ್ಕಾಗಿ ಹಂಬಲಿಸುತ್ತಾರೆ. ಪುಸ್ತಕದಲ್ಲಿ ಮೆಚ್ಚುವುದನ್ನು ಮನೆಯಲ್ಲಿ ಆಚರಿಸಲು ಮಾತ್ರ ನಾಚುತ್ತಾರೆ.

ಆದರೆ ಒಂದು ಎಚ್ಚರಿಕೆ. ವಿರಾಮವನ್ನು ಹಂಚಿಕೊಳ್ಳುವುದೆಂದರೆ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಬೇರೆ ಬೇರೆ ಮೊಬೈಲು ನೋಡುವುದಲ್ಲ. ಮೊದಲು ಆಕೆಯ ಕೆಲಸ ಮುಗಿಯಬೇಕು. ಅದು ಮುಗಿಯಬೇಕಾದರೆ ಗಂಡನ ಕೈ ಸೇರಬೇಕು. ಆದುದರಿಂದ ದುಡಿಮೆಯ ಪಾಲನ್ನು ಕೊಡದವನು ವಿರಾಮದ ಪಾಲನ್ನು ಕೊಡಲಾರ.

ಕಷ್ಟದ ಪಾಲು

ಮೂರನೆಯ ಪಾಲು ಎಲ್ಲಕ್ಕಿಂತ ಕಠಿಣ. ನಮ್ಮ ಗಂಡಸರು ಸಿಹಿ ತಂದರೆ ಮನೆಯಲ್ಲಿ ಬಿಚ್ಚುತ್ತಾರೆ, ಕಷ್ಟವನ್ನು ಮಾತ್ರ ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ಹೆಂಗಸರಿಗೆ ಹೇಳಿ ಪ್ರಯೋಜನವೇನು, ಸುಮ್ಮನೆ ಅಳುತ್ತಾರೆ ಎಂಬುದು ಅವರ ವಾದ.

ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣವಾದಾಗ ಪ್ರವಾದಿವರ್ಯರು(ಸ) ನಡುಗುತ್ತಾ ಇಳಿದು ಬಂದದ್ದು ಯಾರ ಬಳಿಗೆ? ಕುರೈಶ್ ಹಿರಿಯರ ಬಳಿಗಲ್ಲ, ಗೆಳೆಯರ ಬಳಿಗಲ್ಲ. ಪತ್ನಿ ಖದೀಜಾರ(ರ) ಬಳಿಗೆ. ತಮಗೆ ಹೊದಿಸಬೇಕೆಂದು ಕೇಳಿಕೊಂಡರು. ತಮಗಾದ ಭಯವನ್ನು ಮುಚ್ಚಿಡದೆ ಹೇಳಿದರು. ಖದೀಜಾ(ರ) ಅಳುತ್ತಾ ಕೂರಲಿಲ್ಲ. ಬಂಧುಗಳನ್ನು ಕೂಡಿಸಿಕೊಳ್ಳುವ, ದುರ್ಬಲರ ಭಾರ ಹೊರುವ, ಅತಿಥಿಗಳನ್ನು ಸತ್ಕರಿಸುವ ಅವರ ಗುಣಗಳನ್ನು ಒಂದೊಂದಾಗಿ ನೆನಪಿಸಿ, ಅಲ್ಲಾಹನು ಇಂತಹವರನ್ನು ಕೈಬಿಡಲಾರನೆಂದು ಧೈರ್ಯ ತುಂಬಿದರು. ತರುವಾಯ ವಿಷಯ ತಿಳಿದ ವರಕಃ ಬಿನ್ ನೌಫಲ್‌ರ ಬಳಿಗೆ ಕರೆದುಕೊಂಡು ಹೋದರು. ಅಂದರೆ ಸಾಂತ್ವನವನ್ನೂ ಕೊಟ್ಟರು, ದಾರಿಯನ್ನೂ ಹುಡುಕಿದರು. ಇಸ್ಲಾಮಿನ ಇತಿಹಾಸವು ಒಬ್ಬ ಪತಿ ತನ್ನ ಪತ್ನಿಗೆ ಮನಸ್ಸು ಬಿಚ್ಚಿ ಹೇಳಿದ ಮಾತಿನಿಂದ ಆರಂಭವಾಗುತ್ತದೆ. ಮುಂದೆ ಶಿಅಬ್ ಅಬೀತಾಲಿಬ್‌ನ ಬಹಿಷ್ಕಾರದ ವರ್ಷಗಳಲ್ಲಿ ಮಕ್ಕಾದ ಆ ಶ್ರೀಮಂತ ಮಹಿಳೆ ಪತಿಯೊಡನೆ ಹಸಿವನ್ನೂ ಹಂಚಿಕೊಂಡರು. 619ರಲ್ಲಿ ಅವರು ನಿಧನರಾದ ವರ್ಷವನ್ನು ದುಃಖದ ವರ್ಷವೆಂದೇ ಕರೆಯಲಾಗುತ್ತದೆ.

ಹ. ಅಲಿ(ರ) ಹಾಗೂ ಫಾತಿಮಾರ(ರ) ಮನೆಯೂ ಬಡತನದ್ದೇ. ಬೀಸುವ ಕಲ್ಲು ತಿರುಗಿಸಿ ಫಾತಿಮಾರ(ರ) ಕೈಯಲ್ಲಿ ಗುರುತು ಬಿದ್ದಿತ್ತು. ನೀರಿನ ತೊಗಲು ಹೊತ್ತು ಎದೆಯ ಮೇಲೆ ಗುರುತಾಗಿತ್ತು. ಕಸ ಗುಡಿಸಿ ಬಟ್ಟೆ ಮಾಸಿತ್ತು. ಈ ವಿವರಗಳನ್ನು ನಮಗೆ ತಿಳಿಸಿದವರು ಬೇರೆ ಯಾರೂ ಅಲ್ಲ, ಪತಿ ಅಲಿ(ರ). ಅವರು ಪತ್ನಿಯ ಅಂಗೈಯನ್ನು ನೋಡಿದ್ದರು. ಒಬ್ಬ ಆಳನ್ನು ಕೇಳಲೆಂದು ಫಾತಿಮಾ(ರ) ತಂದೆಯ ಮನೆಗೆ ಹೋದರು. ಅವರು ಸಿಗದೆ ಆಯಿಶಾರಲ್ಲಿ(ರ) ಹೇಳಿ ಮರಳಿದರು. ರಾತ್ರಿ ದಂಪತಿಗಳು ಮಲಗಿದ್ದಾಗ ಪ್ರವಾದಿವರ್ಯರು(ಸ) ತಾವೇ ಬಂದು ಇಬ್ಬರ ನಡುವೆ ಕುಳಿತು, ಮಲಗುವಾಗ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳುವುದು ಆಳಿಗಿಂತಲೂ ಉತ್ತಮವೆಂದು ಕಲಿಸಿದರು. ಗಮನಿಸಿ, ಅದನ್ನು ಕಲಿಸಿದ್ದು ಇಬ್ಬರಿಗೂ. ಸಹನೆಯ ಪಾಠವನ್ನು ಮಗಳಿಗೊಬ್ಬಳಿಗೇ ಹೇಳಿ ಹೋಗಲಿಲ್ಲ. ಅಲಿ(ರ) ಅದನ್ನು ಜೀವನಪರ್ಯಂತ ಬಿಡಲಿಲ್ಲ. 657ರಲ್ಲಿ ನಡೆದ ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲ ಎಂದು ಅವರೇ ಹೇಳಿದ್ದಾರೆ.

ಈಗ ನಮ್ಮ ಕಾಲದ ಕಷ್ಟಕ್ಕೆ ಬರೋಣ. ಅದರ ಹೆಸರು ಸಾಲ. ಹಳ್ಳಿಗಳಲ್ಲಿ ವಾರದ ಕಂತಿನ ಸಾಲವನ್ನು ಹೆಚ್ಚಾಗಿ ಹೆಂಗಸರ ಹೆಸರಿನಲ್ಲಿಯೇ ಕೊಡುತ್ತಾರೆ. ಸಹಿ ಹೆಂಡತಿಯದು, ಆಧಾರ್ ಕಾರ್ಡು ಹೆಂಡತಿಯದು, ಗುಂಪಿನ ಜಾಮೀನು ನೆರೆಹೊರೆಯ ಹೆಂಗಸರದು. ಹಣ ಮಾತ್ರ ಹೋಗುವುದು ಗಂಡನ ಬೋರ್‌ವೆಲ್ಲಿಗೋ, ಬೈಕಿಗೋ, ತಂಗಿಯ ಮದುವೆಗೋ. ಕಂತಿನ ದಿನ ವಸೂಲಿಗಾರ ಬಾಗಿಲಿಗೆ ಬಂದಾಗ ಗಂಡ ಊರಿನಲ್ಲಿರುವುದಿಲ್ಲ. ಮಕ್ಕಳ ಮುಂದೆ, ನೆರೆಯವರ ಮುಂದೆ ಮಾತು ಕೇಳುವವಳು ಹೆಂಡತಿ. ಈ ಕಿರುಕುಳ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರವರಿಯಲ್ಲಿ ಸರಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿಯ ನಿಷಿದ್ಧತೆಯನ್ನು ನಮ್ಮ ಓದುಗರಿಗೆ ಹೊಸತಾಗಿ ಹೇಳಬೇಕಾಗಿಲ್ಲ. ಆದರೆ ಬಡ್ಡಿಯ ಪಾಪದ ಜೊತೆಗೆ ಇಲ್ಲಿ ಇನ್ನೊಂದು ಅನ್ಯಾಯವೂ ಸೇರಿದೆ. ತನ್ನ ಹೊರೆಯನ್ನು ಹೆಂಡತಿಯ ತಲೆಗೇರಿಸಿ ತಾನು ಮರೆಯಾಗುವ ಅನ್ಯಾಯವದು. ಝುಬೈರ್(ರ) ಅವರ ಸ್ವಾಭಿಮಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರವಾದಿವರ್ಯರು(ಸ) ಸಾಲದಿಂದ ಅಲ್ಲಾಹನ ಅಭಯವನ್ನು ಹೆಚ್ಚಾಗಿ ಯಾಚಿಸುತ್ತಿದ್ದರು. ಕಾರಣ ಕೇಳಿದಾಗ, ಸಾಲಕ್ಕೆ ಸಿಲುಕಿದವನು ಮಾತಿನಲ್ಲಿ ಸುಳ್ಳಾಡುತ್ತಾನೆ, ವಾಗ್ದಾನ ಮುರಿಯುತ್ತಾನೆ ಎಂದರು. ಆ ಸುಳ್ಳಿಗೆ ಮೊದಲು ಬಲಿಯಾಗುವವಳು ಮನೆಯಾಕೆ. ಸಾಲ ಎಷ್ಟಿದೆಯೆಂದು ಕೇಳಿದರೆ ಅರ್ಧ ಹೇಳುವುದು, ಒಡವೆ ಎಲ್ಲಿಯೆಂದರೆ ಬಿಡಿಸಿ ತರುತ್ತೇನೆನ್ನುವುದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಿಜ. ಆದರೆ ಮುಚ್ಚಿಟ್ಟ ಸಾಲ ಉಂಡು ಮಲಗಿದರೆ ಹೋಗುವಂತಹದ್ದಲ್ಲ. ಮಗುವಿಗೆ ಎದೆಹಾಲು ಬಿಡಿಸುವಂತಹ ಮನೆಯೊಳಗಿನ ವಿಷಯದಲ್ಲಿಯೂ ಇಬ್ಬರೂ ಸಮಾಲೋಚಿಸಿ ಒಪ್ಪಬೇಕೆಂದು ಅಲ್‌ಬಕರಃ ಅಧ್ಯಾಯದ 233ನೇ ವಚನ ಸೂಚಿಸುತ್ತದೆ. ಹಾಗಾದರೆ ಮನೆಯನ್ನೇ ಒತ್ತೆಯಿಡುವ ವಿಷಯದಲ್ಲಿ ಸಮಾಲೋಚನೆ ಬೇಡವೇ?

ಹಣದ ಇನ್ನೊಂದು ಮುಖವೂ ಇದೆ. ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಜಮೆಯಾಗತೊಡಗಿದಾಗ ಆ ಹಣ ಯಾರದೆಂಬ ಪ್ರಶ್ನೆ ಬಹಳ ಮನೆಗಳಲ್ಲಿ ಎದ್ದಿತು. ಇಸ್ಲಾಮಿನ ಉತ್ತರ ಸ್ಪಷ್ಟವಾಗಿದೆ. ಸ್ತ್ರೀಯ ಗಳಿಕೆ ಸ್ತ್ರೀಯದು. ಮನೆ ನಡೆಸುವ ಹೊಣೆ ಗಂಡನದು. ಹೆಂಡತಿ ತನ್ನ ಹಣವನ್ನು ಮನೆಗೆ ಕೊಟ್ಟರೆ ಅದು ಆಕೆಯ ಔದಾರ್ಯ. ಅಬ್ದುಲ್ಲಾ ಬಿನ್ ಮಸ್‌ಊದ್‌ರ(ರ) ಪತ್ನಿ ಝೈನಬ್(ರ), ಬಡವರಾದ ತಮ್ಮ ಪತಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥರಿಗೂ ಕೊಡುವ ಹಣ ದಾನವೆನಿಸುತ್ತದೆಯೇ ಎಂದು ವಿಚಾರಿಸಿದಾಗ ಅದಕ್ಕೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಒಂದು ಬಂಧುತ್ವದ್ದು, ಇನ್ನೊಂದು ದಾನದ್ದು. ದಾನವೆಂದ ಮೇಲೆ ಅದನ್ನು ಕಸಿದುಕೊಳ್ಳುವ ಮಾತೆಲ್ಲಿ?

ಪತ್ನಿಯರಿಗೂ ಇಲ್ಲಿ ಹೇಳುವ ಮಾತಿದೆ. ಗಂಡ ಒಮ್ಮೆ ಧೈರ್ಯ ಮಾಡಿ ಸಾಲದ ನಿಜವನ್ನು ಹೇಳಿದಾಗ ಅಂದೇ ಅವನನ್ನು ಹಂಗಿಸಿದರೆ, ತವರಿಗೆ ಫೋನ್ ಮಾಡಿ ಹರಡಿದರೆ, ಅವನು ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಗಂಡಹೆಂಡಿರು ಪರಸ್ಪರರಿಗೆ ಉಡುಪು ಎಂದು ಕುರ್‌ಆನ್ ಹೋಲಿಸಿದೆ. ಉಡುಪು ದೇಹದ ಕಲೆಯನ್ನು ಊರಿಗೆ ತೋರಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಸಿಗೆ ಎಷ್ಟಿದೆಯೆಂದು ಗಂಡ ಹೇಳಬೇಕು. ಅದಕ್ಕೆ ತಕ್ಕಂತೆ ಈದ್‌ನ ಬಟ್ಟೆಯನ್ನೂ ಮದುವೆಯ ಮುಯ್ಯಿಯನ್ನೂ ಹೆಂಡತಿ ಮಿತಗೊಳಿಸಬೇಕು. ಹೀಗಾದರೆ ಕಷ್ಟದ ಪಾಲು ನ್ಯಾಯವಾಗಿ ಹಂಚಿಕೆಯಾದಂತೆ.

ಸಹನೆ ಯಾವುದು, ಅನ್ಯಾಯ ಯಾವುದು?

ಇಷ್ಟು ಹೇಳಿದ ಮೇಲೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಡತನದಲ್ಲಿ, ರೋಗದಲ್ಲಿ, ಬರಗಾಲದಲ್ಲಿ ಜೊತೆಯಾಗಿ ನಿಲ್ಲುವುದು ಸಹನೆ. ಹೊಡೆತವನ್ನು, ಅವಮಾನವನ್ನು, ಹೊಟ್ಟೆಗೆ ಹಾಕದಿರುವುದನ್ನು ಸಹಿಸಬೇಕೆಂದು ಹೆಂಡತಿಗೆ ಉಪದೇಶಿಸುವುದು ಸಹನೆಯ ಪಾಠವಲ್ಲ. ಅದು ಅನ್ಯಾಯಕ್ಕೆ ಕೊಡುವ ನೆರವು. ಪ್ರವಾದಿವರ್ಯರು(ಸ) ಯಾವ ಸ್ತ್ರೀಯ ಮೇಲೂ, ಯಾವ ಸೇವಕನ ಮೇಲೂ ಎಂದೂ ಕೈಯೆತ್ತಲಿಲ್ಲವೆಂದು ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಬಿರುಕು ಬೆಳೆಯುವ ಭಯವಿದ್ದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸಬೇಕೆಂದು ಅನ್ನಿಸಾ ಅಧ್ಯಾಯದ 35ನೇ ವಚನ ದಾರಿ ತೋರಿಸಿದೆ. ಜಮಾಅತ್‌ನ ಹಿರಿಯರು ತಲಾಕ್‌ನ ಕಾಗದ ಬರುವ ತನಕ ಕಾಯದೆ ಆರಂಭದಲ್ಲಿಯೇ ಈ ಕೆಲಸ ಮಾಡಬೇಕು. ಜೀವಕ್ಕೆ ಅಪಾಯವಿರುವಲ್ಲಿ ದೇಶದ ಕಾನೂನಿನ ನೆರವು ಪಡೆಯುವುದರಲ್ಲಿ ಯಾವ ತಪ್ಪೂ ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಎಲ್ಲ ಧರ್ಮದ ಮಹಿಳೆಯರಿಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಇನ್ನು ಸಣ್ಣಪುಟ್ಟ ಕೊರತೆಗಳು ಯಾರಲ್ಲಿಲ್ಲ? ಸಂಗಾತಿಯ ಒಂದು ಗುಣ ಹಿಡಿಸದಿದ್ದರೆ ಇನ್ನೊಂದು ಗುಣ ಹಿಡಿಸೀತು, ಆದುದರಿಂದ ದ್ವೇಷಿಸಬಾರದು ಎಂಬ ಪ್ರವಾದಿ ಬೋಧನೆ ಇಂತಹವುಗಳಿಗೆ ಮದ್ದು.

ಈ ತಿಂಗಳ ಅಭ್ಯಾಸ

ಪಾಠವನ್ನು ಓದಿ ಮಡಚಿಟ್ಟರೆ ಪ್ರಯೋಜನವಿಲ್ಲ. ಪತಿ ಪತ್ನಿಯರು ಕೂಡಿ ಓದಿ, ಈ ತಿಂಗಳು ಐದು ವಿಷಯಗಳನ್ನು ಪ್ರಯತ್ನಿಸಿ ನೋಡಿ.

1. ಮನೆಯ ಒಂದು ಕೆಲಸವನ್ನು ಗಂಡ ತನ್ನದೆಂದು ಗೊತ್ತುಮಾಡಿಕೊಳ್ಳಲಿ. ನೀರು ತುಂಬುವುದೋ, ಮಕ್ಕಳ ಪಾಠವೋ, ರಾತ್ರಿಯ ಪಾತ್ರೆಯೋ. ನೆನಪಾದಾಗ ಮಾಡುವುದಲ್ಲ, ದಿನವೂ ಮಾಡುವುದು.

2. ಇಶಾ ನಮಾಝ್‌ನ ಬಳಿಕ ಅರ್ಧ ಗಂಟೆ ಎರಡು ಮೊಬೈಲುಗಳನ್ನೂ ಗೂಡಿನಲ್ಲಿಟ್ಟು ಕುಳಿತು ಮಾತನಾಡಿ. ಆಕೆ ಹೇಳುವುದನ್ನು ನಡುವೆ ತಡೆಯದೆ ಕೇಳಿ.

3. ಮನೆಯ ಸಾಲಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಾಲವನ್ನು ಬರೆದಿಡಬೇಕೆಂಬುದು ಕುರ್‌ಆನ್‌ನ ಆದೇಶವೂ ಹೌದು. ಆ ಪುಸ್ತಕ ಇಬ್ಬರಿಗೂ ಕಾಣುವಲ್ಲಿರಲಿ.

4. ಕಂತಿನ ದಿನ ಗಂಡ ಮನೆಯಲ್ಲಿರಲಿ. ಬಾಗಿಲಿಗೆ ಅವನೇ ಹೋಗಲಿ.

5. ಮಲಗುವ ಮುನ್ನ ಅಲಿ(ರ) ಹಾಗೂ ಫಾತಿಮಾರಿಗೆ(ರ) ಕಲಿಸಿದ ಆ ಮೂರು ಸ್ಮರಣೆಗಳನ್ನು ಇಬ್ಬರೂ ಹೇಳಲಿ.

ಒಂದು ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡಬೇಡಿ. ಉಂಡೆ ಕೊಬ್ಬರಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಹೆಚ್ಚು ಕಡಿಮೆ ಒಂದು ವರ್ಷ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ಅಲುಗಿಸಿದಾಗ ಗಡಗಡ ಸದ್ದಾದ ಮೇಲೆಯೇ ಒಡೆಯಬೇಕು. ಅವಸರಪಟ್ಟು ಒಡೆದವನಿಗೆ ಕೊಬ್ಬರಿಯೂ ಸಿಗುವುದಿಲ್ಲ, ಕಾಯಿಯೂ ಉಳಿಯುವುದಿಲ್ಲ. ಒಲವೂ ಹೀಗೆಯೇ, ದಿನದಿನದ ಸಣ್ಣ ಕೆಲಸಗಳಿಂದ ನಿಧಾನವಾಗಿ ಮಾಗುತ್ತದೆ.

ತನ್ನ ಮನೆಯವರೊಡನೆ ಉತ್ತಮನಾಗಿರುವವನೇ ನಿಮ್ಮಲ್ಲಿ ಉತ್ತಮನೆಂದು ಪ್ರವಾದಿವರ್ಯರು(ಸ) ಅಳತೆಗೋಲನ್ನು ಕೊಟ್ಟಿದ್ದಾರೆ. ನಾಳೆ ಪರಲೋಕದಲ್ಲಿ ನಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷ್ಯ ನುಡಿಯುವವರಲ್ಲಿ ಮೊದಲಿಗರು ಯಾರಿರಬಹುದೆಂದು ಯೋಚಿಸೋಣ. ಅಲ್ಲಾಹನು ನಮ್ಮ ಮನೆಗಳಲ್ಲಿ ನೆಮ್ಮದಿಯನ್ನೂ, ನಮ್ಮ ನೆಲಕ್ಕೆ ಮಳೆಯನ್ನೂ, ನಮ್ಮ ದುಡಿಮೆಯಲ್ಲಿ ಬರಕತ್ತನ್ನೂ ದಯಪಾಲಿಸಲಿ. ಆಮೀನ್.